ಕೂಡಗೊಡದ ಕಾಲು

ಸಂಶಿಯ ಸಾವಂತ್ರೆವ್ವನಿಗೆ ಸಿಟ್ಟೇ ಬರುವುದಿಲ್ಲ ಎಂದು ಓಣಿಯವರು ಅಂದುಕೊಂಡಿದ್ದರು. ಯಾರು ಏನೇ ಅಂದರೂ ಆಕೆಯ ಮುಖ ಅಲುಗುತ್ತಿರಲಿಲ್ಲ. ಒಳಗೆ ಮಾತ್ರ ಆಕೆ ಮೂರು ವರ್ಷದಿಂದ ಕುದಿಯುತ್ತಿದ್ದಳು.

ಅದಕ್ಕೂ ಮೊದಲು ಆಕೆಯ ಕಿವಿಯಲ್ಲಿ ಗಂಡಸಿನ ದನಿಯೊಂದು ಕೇಳಿಸುತ್ತಿತ್ತು. ನೀರಿನಲ್ಲಿ ವಿಷ ಹಾಕಿದ್ದಾರೆ, ಕುಡಿಯಬೇಡ ಎನ್ನುತ್ತಿತ್ತು. ಎರಡು ದಿನ ನೀರು ಬಿಟ್ಟು ಹಿತ್ತಲಲ್ಲಿ ಬಿದ್ದಿದ್ದವಳನ್ನು ತಮ್ಮ ಯಲ್ಲೇಶ ಟಂಟಂನಲ್ಲಿ ಆಸ್ಪತ್ರೆಗೆ ಒಯ್ದ. ಸ್ಕಿಜೋಫ್ರೇನಿಯಾ ಎಂದರು, ಗುಳಿಗೆ ಕೊಟ್ಟರು. ಎರಡು ತಿಂಗಳಲ್ಲಿ ದನಿ ಅಡಗಿತು. ಅಷ್ಟರ ಮಟ್ಟಿಗೆ ಗುಳಿಗೆಯ ಉಪಕಾರವನ್ನು ಆಕೆ ಎಂದೂ ಅಲ್ಲಗಳೆದವಳಲ್ಲ.

ಆದರೆ ಕೈ ನಡುಗತೊಡಗಿತು. ಮೈ, ಮುಖ ಎರಡೂ ಬಿಗಿದವು, ಬಾಯಿಯಂಚಿನಲ್ಲಿ ಜೊಲ್ಲು ಇಳಿಯತೊಡಗಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾಲು. ಕೂತರೆ ತೊಡೆಯೊಳಗೆ ಇರುವೆ ಹರಿದಂತಾಗಿ ಎದ್ದು ಅಡ್ಡಾಡಲೇಬೇಕು. ಉಣ್ಣುವಾಗಲೂ ತಾಟು ಹಿಡಿದು ಪಡಸಾಲೆಯ ತುಂಬ ತಿರುಗುತ್ತಿದ್ದಳು.

ಅನ್ನಪೂರ್ಣಾ ನಡೆಸುವ ರೊಟ್ಟಿ ಕೇಂದ್ರದಲ್ಲಿ ಆಕೆಯಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿರಲಿಲ್ಲ. ಈಗ ರೊಟ್ಟಿಯ ಅಂಚು ಹರಿಯುತ್ತಿತ್ತು.

“ಸ್ವಲ್ಪ ದಿನ ಮನ್ಯಾಗ ಇರವ್ವಾ. ನಿನ್ನ ಜಡ್ಡು ಇನ್ನೂ ಹೋಗಿಲ್ಲ,” ಎಂದಳು ಅನ್ನಪೂರ್ಣಾ.

“ಇದು ಜಡ್ಡಲ್ಲ. ಗುಳಿಗಿ ತಗೊಂಡ ಮ್ಯಾಲ ಬಂದೈತಿ,” ಎಂದಳು ಸಾವಂತ್ರೆವ್ವ. ನಾಲಿಗೆ ತೊದಲಿದ್ದರಿಂದ ಯಾರೂ ಕಿವಿಗೊಡಲಿಲ್ಲ.

ತಿಂಗಳಿಗೊಮ್ಮೆ ಆ ಆಸ್ಪತ್ರೆಗೆ ಬರುವ ಡಾಕ್ಟರು ಚೀಟಿಯಿಂದ ಕಣ್ಣು ಎತ್ತುತ್ತಲೇ ಇರಲಿಲ್ಲ. ಆಕೆ ಕಾಲಿನ ಮಾತು ತೆಗೆದಾಗ ಅವರು ಯಲ್ಲೇಶನಿಗೆ, “ಚಡಪಡಿಕಿ ಜಾಸ್ತಿ ಆಗೇತಿ. ಇನ್ನರ್ಧ ಗುಳಿಗಿ ಕೂಡಿಸಿ ಕೊಡ್ರಿ,” ಎಂದರು. ಆ ಅರ್ಧದಿಂದ ಚಡಪಡಿಕೆ ಇಮ್ಮಡಿಯಾಯಿತು.

ಒಂದು ಮುಂಜಾನೆ ಆಕೆ ಗುಳಿಗೆಯ ಚೀಲವನ್ನೇ ಒಲೆಗೆ ಹಾಕಿಬಿಟ್ಟಳು. ಹದಿನೈದು ದಿನದಲ್ಲಿ ಕಾಲು ಹಗುರಾಯಿತು. ಆಮೇಲೆ ಆ ದನಿ ಮರಳಿ ಬಂತು. ತಮ್ಮ ಕೊಟ್ಟ ಚಹಾದ ಕಪ್ಪನ್ನು ವಿಷವೆಂದು ಗೋಡೆಗೆ ಎಸೆದಳು. ಅವನು ಅದೇ ಗುಳಿಗೆ ತಂದು ಹೇಗೋ ಮತ್ತೆ ನುಂಗಿಸತೊಡಗಿದ; ದನಿ ಅಡಗುವ ಮೊದಲೇ ಕಾಲಿನ ಕಾಟ ಮರಳಿತು.

ಸುದ್ದಿ ಕೇಳಿ ಬಂದ ಆಶಾ ಕಾರ್ಯಕರ್ತೆ ರೂಬಿನಾ ಗದರಲಿಲ್ಲ. “ಅಕ್ಕಾ, ಧಾರವಾಡದ ದೊಡ್ಡ ದವಾಖಾನಿಗೆ ಹೋಗೂಣು. ಯಾವ ಗುಳಿಗಿ ಸುರು ಆದ ಮ್ಯಾಲ ಏನಾತು, ಎಲ್ಲಾ ಹೇಳು, ಬರಕೋತೀನಿ,” ಎಂದಳು. ಎರಡು ಹಾಳೆ ತುಂಬಿತು.

ಧಾರವಾಡದಲ್ಲಿ ಸಿಕ್ಕ ಡಾಕ್ಟರಮ್ಮ ಆ ಹಾಳೆಗಳನ್ನು ಪೂರಾ ಓದಿದರು. ಆಕೆಯನ್ನು ನಡೆಸಿ ನೋಡಿದರು, ಮೊಣಕೈ ಮಡಚಿ ಬಿಡಿಸಿದರು, ಕೂತಾಗ ಪಾದ ಹೇಗೆ ಕುಣಿಯುತ್ತದೆಂದು ಗಮನಿಸಿದರು.

“ಇದು ಜಡ್ಡಿಂದ ಬಂದದ್ದಲ್ರಿ, ಆ ಗುಳಿಗಿಯಿಂದ ಬಂದದ್ದು.”

ಸಾವಂತ್ರೆವ್ವ ಎದ್ದು ನಿಂತಳು. “ಮೂರು ವರ್ಷ ಇದನ್ನ ಬಡಕೊಂಡೀನ್ರಿ! ಒಬ್ಬರರೆ ನನ್ನ ಕೈ ಹಿಡದು ನೋಡಿದ್ರೇನು? ಹುಚ್ಚಿ ಮಾತಂತ ಬಿಟ್ರಿ!”

“ಸುಮ್ಕಿರಬೇ ಅಕ್ಕಾ,” ಎಂದ ಯಲ್ಲೇಶ.

“ನೀನೂ ಅದನ್ನ ಅಂದಿ! ಎಲ್ಲಾರೂ ಅದನ್ನ ಅಂದ್ರಿ!”

ಹೊರಗೆ ಕೂತವರೆಲ್ಲ ಬಾಗಿಲ ಕಡೆ ನೋಡಿದರು. ಡಾಕ್ಟರಮ್ಮ ತಡೆಯಲಿಲ್ಲ. ಆಕೆಗೆ ದಮ್ಮು ಹತ್ತಿದ ಮೇಲೆ, “ನಿಮ್ಮ ಸಿಟ್ಟು ಬರೋಬ್ಬರಿ ಐತ್ರಿ. ಆದ್ರ ನಿಮ್ಮಷ್ಟಕ್ಕ ನೀವ ಗುಳಿಗಿ ಬಿಡಬ್ಯಾಡ್ರಿ. ತ್ರಾಸ ಆದ್ರ ಬಂದು ಹೇಳ್ರಿ, ಬದಲಿ ಮಾಡೂಣು,” ಎಂದರು.

ಬೇರೆ ಗುಳಿಗೆ ಶುರುವಾಯಿತು. ಹಳೆಯದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಕಾಲಿಗೆಂದು ಕೆಲವು ದಿನದ ಮಟ್ಟಿಗೆ ಇನ್ನೊಂದು ಕೊಟ್ಟರು. ಮೊದಲ ತಿಂಗಳು ಬರೀ ನಿದ್ದೆ. ಎರಡನೆಯ ತಿಂಗಳು ದನಿ ತಗ್ಗಿತು, ಕೂತು ಉಂಡಳು. ಬಲಗೈಯ ಸಣ್ಣ ನಡುಕ ಮಾತ್ರ ಪೂರ್ತಿ ಹೋಗಲಿಲ್ಲ.

ಮತ್ತೆ ಕೆಲಸಕ್ಕೆ ಬಾ ಎಂದು ಅನ್ನಪೂರ್ಣಾ ಹೇಳಿ ಕಳಿಸಿದಳು. ಸಾವಂತ್ರೆವ್ವ ಹೋಗಲಿಲ್ಲ. ಮನೆಯ ಒಲೆಯಲ್ಲೇ ರೊಟ್ಟಿ ಬಡಿದು ಮಾರತೊಡಗಿದಳು. ಸಿಟ್ಟು ಇಳಿಯಿತೇನೆಂದು ರೂಬಿನಾ ಕೇಳಿದರೆ, “ಯಾಕ ಇಳೀಬೇಕು?” ಎನ್ನುತ್ತಾಳೆ.

ಮೊನ್ನೆ ಧಾರವಾಡದ ಆಸ್ಪತ್ರೆಯ ಪಾಳಿಯಲ್ಲಿ ಕೂತಿದ್ದಾಗ ಬಾಜುವಿನ ಮುದುಕನ ಪಾದ ಒಂದೇ ಸಮನೆ ನೆಲ ಬಡಿಯುತ್ತಿತ್ತು. ಮಗಳು ಅವನ ಮೊಣಕಾಲು ಒತ್ತಿ ಹಿಡಿದು, “ಸುಮ್ನ ಕೂಡಪ್ಪಾ,” ಎಂದು ಬೈಯುತ್ತಿದ್ದಳು.

ಸಾವಂತ್ರೆವ್ವ ಆ ಕೈಯನ್ನು ಎತ್ತಿ ಆಚೆ ಇಟ್ಟಳು. “ಅವರಿಗೆ ಯಾಕ ಬೈತೀಯವ್ವಾ? ಎಂದಿನಿಂದ ಹಿಂಗಾಗೇತಿ, ಅದನ್ನ ಕೇಳು ಮದಲ.”