ಕಪಾಳಮ್ಮನ ಸಣ್ಣ ಸದ್ದು

ಆಕೆಗೆ ಹೆತ್ತವರು ಇಟ್ಟ ಹೆಸರು ಚೆನ್ನಾಗಿಯೇ ಇತ್ತು. ಆದರೆ ಸ್ಟುಡಿಯೋದಲ್ಲಿ ಅದು ಯಾರಿಗೂ ನೆನಪಿರಲಿಲ್ಲ; ಎಲ್ಲರಿಗೂ ಆಕೆ ಕಪಾಳಮ್ಮ. ಇಪ್ಪತ್ತೆರಡು ವರ್ಷಗಳಿಂದ ಟೀವಿ ಧಾರಾವಾಹಿಗಳಿಗೆ ಸದ್ದು ಮಾಡಿಕೊಡುವುದು ಆಕೆಯ ಕಸುಬು. ತಟ್ಟೆಯಲ್ಲಿ ಅಕ್ಕಿ ಉರುಳಿಸಿದರೆ ಮಳೆ, ಹಳೇ ಕೊಡೆಯನ್ನು ಪಟಪಟನೆ ಬಿಚ್ಚಿ ಮುಚ್ಚಿದರೆ ಪಾರಿವಾಳದ ಹಿಂಡು. ಆದರೆ ಹೆಸರು ತಂದುಕೊಟ್ಟದ್ದು ಕಪಾಳಮೋಕ್ಷ. ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಚರ್ಮದ ಸೂಟ್‌ಕೇಸಿನ ಮೇಲೆ ಬೀಸಿದಳೆಂದರೆ, ಆ 'ಛಟಾರ್'ಗೆ ಮನೆಯಲ್ಲಿ ಕೂತು ನೋಡುವವರೂ ಕೆನ್ನೆ ಮುಟ್ಟಿಕೊಳ್ಳಬೇಕು.

ಒಂದೇ ಏಟನ್ನು ಮೂರು ಕೋನಗಳಿಂದ ಮೂರು ಸಲ ತೋರಿಸುವುದು ನಿರ್ದೇಶಕನ ಪದ್ಧತಿ. ಹೊಡೆಯುವ ಗಂಡನಿಗೆ ಗಿರಿಜಾ ಮೀಸೆ, ಕೆಂಡದಂಥ ಕಣ್ಣು, ಕೈಯಲ್ಲಿ ಬಾಟಲಿ. ತೆರೆಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಹೆಣ್ಣಿನ ಮೇಲೆ ಕೈಮಾಡುವುದು ಅಪರಾಧ' ಎಂದು ಓಡುತ್ತಿತ್ತು. ಅಲ್ಲಿಗೆ ಸಮಾಜ ತಿದ್ದುವ ಕೆಲಸ ಮುಗಿಯಿತು, ಮುಂದೆ ಸೋಪಿನ ಜಾಹೀರಾತು.

ಕಪಾಳಮ್ಮನ ಮನೆಯಲ್ಲಿ ಆಕೆಯೂ ತಾಯಿಯೂ ಇಬ್ಬರೇ. ಪಕ್ಕದ ಬಾಗಿಲೇ ತಂಗಿಯ ಸಂಸಾರ. ಎರಡು ಮನೆಗೂ ನಡುವೆ ಒಂದೇ ಗೋಡೆ. ತಂಗಿಯ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ನುಣ್ಣಗೆ ಬೋಳಿಸಿದ ಮುಖ, ಮೆತ್ತನೆಯ ಮಾತು, ತನ್ನ ಅಂಗಿಗೆ ತಾನೇ ಇಸ್ತ್ರಿ. ಅತ್ತೆಯ ಕನ್ನಡಕದ ಸ್ಕ್ರೂ ಸಡಿಲವಾದರೆ ತಾನಾಗಿ ಬಂದು ಬಿಗಿ ಮಾಡಿ ಹೋಗುತ್ತಿದ್ದ. ಅಳಿಯ ಅಪ್ಪಟ ಚಿನ್ನ ಎಂದು ಅತ್ತೆ ಮಹಡಿಯ ಮನೆಮನೆಗೂ ಸಾರಿ ಬಂದಿದ್ದಳು.

ಸಂಜೆ ಹೊತ್ತು ಆಗಾಗ ಗೋಡೆಯಾಚೆಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಟಪ್. ಚಾಪೆ ಕೊಡವುತ್ತಿದ್ದಾಳೆ ಎಂದಳು ತಾಯಿ. ಕಪಾಳಮ್ಮನಿಗೆ ತನ್ನ ಕಿವಿಯ ಮೇಲೆ ಇನ್ನಿಲ್ಲದ ಜಂಬ. ಚಾಪೆಯಲ್ಲ, ಹತ್ತಿ ದಿಂಬು ಎಂದು ತೀರ್ಪು ಕೊಟ್ಟಳು. ಚಿಕ್ಕವಳಿಗೆ ಅದೆಷ್ಟು ಶುಚಿತ್ವ ಎಂದು ಇಬ್ಬರೂ ಮೆಚ್ಚಿಕೊಂಡರು.

ಒಂದು ಸೋಮವಾರ ಮಧ್ಯಾಹ್ನ ತಂಗಿ ಬಟ್ಟೆಯ ಚೀಲ ಹಿಡಿದು ಒಳಗೆ ಬಂದಳು. ಅವನು ಹೊಡೆಯುತ್ತಾನೆ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದಳು. ಕೆನ್ನೆಯ ಮೇಲೆ ಗುರುತೇ ಇರಲಿಲ್ಲ. ನಮಗೆ ಒಂದು ದಿನವೂ ಕೇಳಿಸಲಿಲ್ಲವಲ್ಲ ಎಂದು ಕಪಾಳಮ್ಮ ಕೇಳಿಯೇಬಿಟ್ಟಳು, ಪೆದ್ದಿಯ ಹಾಗೆ.

"ಕೇಳಿಸ್ತಿತ್ತು ಅಕ್ಕ. ದಿಂಬು ಎಷ್ಟು ಕೊಡವ್ತೀಯೇ ಅಂತ ನೀನೇ ಕೇಳಿದ್ದೆ."

ಕಪಾಳಮ್ಮನ ಜಂಬ ಜರ್ರನೆ ಇಳಿಯಿತು. ತಾಯಿ ಮಾತ್ರ ಜಗ್ಗಲಿಲ್ಲ. ಆ ಮನೆಯಲ್ಲಿ ತಾಯಿ ಗೀಚಿದ್ದೇ ಗೆರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಭಾನುವಾರ ಅಳಿಯ ಕರೆಯಲು ಬರುತ್ತಾನೆ, ಬಾಯಿ ಮುಚ್ಚಿಕೊಂಡು ಹೋಗತಕ್ಕದ್ದು ಎಂದಳು.

"ಏಟಿನ ಸದ್ದು ನನಗೆ ಗೊತ್ತಿಲ್ವೇನೇ? ಆರು ವರ್ಷದಿಂದ ದಿನಾ ಏಳೂವರೆಗೆ ಟೀವೀಲಿ ಕೇಳ್ತಿದೀನಿ."

ಆ ಸದ್ದು ಮಾಡಿದ ಮಹಾತಾಯಿ ಪಕ್ಕದಲ್ಲೇ ಕೂತಿದ್ದಳು. ಭೂಮಿ ಬಾಯಿಬಿಡಬಾರದೇ ಎನಿಸಿತು ಆಕೆಗೆ. ಅದು ಟವೆಲ್ ಅಮ್ಮ, ಸೂಟ್‌ಕೇಸ್ ಅಮ್ಮ ಎಂದು ಮೂರು ದಿನ ಗಂಟಲು ಹರಿದುಕೊಂಡಳು. ಸುಳ್ಳಾಗಿದ್ದರೆ ಊರಿಗೂರೇ ಕೂತು ನೋಡುತ್ತಿತ್ತೇ ಎಂದು ತಾಯಿ ಬಾಯಿ ಮುಚ್ಚಿಸಿದಳು. ತಂಗಿ ಚೀಲದಿಂದ ಬಟ್ಟೆಯನ್ನು ಹೊರಗೆ ತೆಗೆಯಲೇ ಇಲ್ಲ.

ಶುಕ್ರವಾರ ಮಹಾಸಂಚಿಕೆ. ಮನೆಮಂದಿಯೆಲ್ಲರ ಎದುರು ಗಿರಿಜಾ ಮೀಸೆ ನಾಯಕಿಗೆ ಹೊಡೆಯುವುದಿತ್ತು. ಸಿಡಿಲು ಬಡಿದ ಹಾಗಿರಲಿ ಎಂದು ಅಪ್ಪಣೆ ಕೊಟ್ಟು ನಿರ್ದೇಶಕ ಊಟಕ್ಕೆ ಹೋದ. ಕಪಾಳಮ್ಮ ಟವೆಲನ್ನು ಹಿಂಡಿ ಒಣಹಾಕಿದಳು. ಧ್ವನಿ ಜೋಡಿಸುವ ಮುದುಕ ಆಕೆಯ ಹಳೇ ಸ್ನೇಹಿತ, ಆ ತಿಂಗಳೇ ನಿವೃತ್ತಿ. ಅವನಿಗೆ ಯಾವ ಭಯವೂ ಉಳಿದಿರಲಿಲ್ಲ. ನಾಲ್ಕು ಸೆಕೆಂಡು ಸಂಗೀತ ನಿಲ್ಲಿಸುತ್ತೇನೆ ಎಂದು ಒಪ್ಪಿಕೊಂಡ. ಆಕೆ ಮೈಕಿನ ಮುಂದೆ ಕೂತು ಕೈ ಬೀಸದೆ, ಪಕ್ಕದಲ್ಲೇ ಕೂತವನು ಹೊಡೆಯುವ ಹಾಗೆ, ತನ್ನ ಕೆನ್ನೆಗೇ ಹೊಡೆದುಕೊಂಡಳು. ಮೊದಲನೆಯದಕ್ಕೆ ಬಳೆ ಸದ್ದಾಯಿತು. ಬಳೆ ತೆಗೆದಿಟ್ಟಳು. ಮೂರನೆಯದು ಸರಿಯಾಗಿ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಕಪಾಳದ ಸದ್ದಿಗೆ ಕಪಾಳ ಬಳಕೆಯಾದದ್ದು ಅದೇ ಮೊದಲು.

ಸಂಜೆ ಮೂವರೂ ಟೀವಿ ಮುಂದೆ ಕೂತರು. ಈ ಮುದುಕಿಗೆ ಇದೂ ಕೇಳಿಸದಿದ್ದರೆ ನಾಡಿದ್ದು ತಂಗಿ ಗೋಡೆಯಾಚೆ ಹೋಗುವವಳೇ. ಗಿರಿಜಾ ಮೀಸೆ ಕೈ ಎತ್ತಿದ. ಸಂಗೀತ ನಿಂತಿತು.

ಟಪ್.

ತಾಯಿ ತೆರೆಯ ಮೇಲಿನ ನಾಯಕಿಯ ಕಣ್ಣೀರು ನೋಡಲಿಲ್ಲ. ಗೋಡೆಯ ಕಡೆ ತಿರುಗಿದಳು. ಆಮೇಲೆ ಚಿಕ್ಕ ಮಗಳ ಕಡೆ.

"ದಿಂಬು," ಎಂದಳು.

ತಾಯಿ ಎದ್ದು ಹೋಗಿ ಟೀವಿ ಆರಿಸಿದಳು. ಆರು ವರ್ಷಗಳಲ್ಲಿ ಮೊದಲ ಸಲ ಸೋಪಿನ ಜಾಹೀರಾತು ಅವಳನ್ನು ಕಾಣದೆ ಹೋಯಿತು.

ಶನಿವಾರ ಬೆಳಿಗ್ಗೆ ನಿರ್ದೇಶಕ ಫೋನಿನಲ್ಲಿ ಸಹಸ್ರನಾಮ ಮಾಡಿದ. ಮಹಾಸಂಚಿಕೆಯನ್ನು ಸೊಳ್ಳೆ ಹೊಡೆದ ಸದ್ದಿಗೆ ಇಳಿಸಿದೆಯಲ್ಲ ಎಂದ. ಮಧ್ಯಾಹ್ನದ ಹೊತ್ತಿಗೆ ಮೈ ಜುಂ ಎಂದಿತು ಎಂದು ನೋಡಿದವರ ಫೋನುಗಳು ಸ್ಟುಡಿಯೋಗೆ ಬರತೊಡಗಿದವು. ಸಂಜೆ ಅದೇ ನಿರ್ದೇಶಕ ಸಂದರ್ಶನದಲ್ಲಿ ಮೌನದ ಶಕ್ತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ. ಅದು ಮುಗಿದ ಮೇಲೆ ಕಪಾಳಮ್ಮನಿಗೆ ಫೋನ್ ಮಾಡಿ, ಮುಂದಿನ ವಾರ ನಾದಿನಿಗೆ ಬೀಳುವುದಿದೆ, ಮರೆಯದೆ ಟವೆಲ್ ತಾ ಎಂದ.

ಭಾನುವಾರ ಹತ್ತು ಗಂಟೆಗೆ ಅಳಿಯ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅತ್ತೆಯ ಕನ್ನಡಕಕ್ಕೆಂದು ಪುಟ್ಟ ಸ್ಕ್ರೂಡ್ರೈವರ್. ತಾಯಿ ಬಾಗಿಲಿಗೆ ಅಡ್ಡ ನಿಂತಳು. ಕನ್ನಡಕ ಸರಿಯಾಗಿಯೇ ಇದೆ ಎಂದಳು. ಅವನು ಮೆತ್ತಗೆ ನಕ್ಕು, ಒಂದು ಸಣ್ಣ ಮಾತನ್ನು ಇವಳು ಇಷ್ಟು ದೊಡ್ಡದು ಮಾಡಿದಳು, ನೀವೇ ಬುದ್ಧಿ ಹೇಳಿ ಕಳಿಸಿ ಎಂದ. ಒಳಗೆ ತಂಗಿ ಚೀಲ ಹಿಡಿದು ನಿಂತಿದ್ದಳು. ತಾಯಿಯ ದನಿಯೂ ಮೆತ್ತಗೇ ಇತ್ತು.

"ಗೋಡೆ ತೆಳ್ಳಗಿದೆಯಪ್ಪ. ನಾವು ದಿನಾ ಕೇಳಿಸ್ಕೊಂಡಿದ್ದೀವಿ."