ಸಿದ್ದರಾಜು ಹಲ್ಲಲ್ಲಿ ಕಚ್ಚಿಕೊಂಡಿದ್ದ ತಂತಿ

ಸಂತೆಬಾಚಹಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಸಿದ್ದರಾಜುವನ್ನು ನಾನು ಚೆನ್ನಾಗಿ ಬಲ್ಲೆ. ನನ್ನ ಪಂಪ್‌ಸೆಟ್ಟು ನಾಲ್ಕು ಸಲ ಸುಟ್ಟುಹೋಗಿದೆ. ನಾಲ್ಕು ಸಲವೂ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಕಾದಿದ್ದೇನೆ. "ನಾಳೀಕೆ ಬನ್ನಿ ಗೌಡ್ರೆ" ಎನ್ನುವುದನ್ನು ಅವನಷ್ಟು ಮರ್ಯಾದೆಯಿಂದ ಹೇಳುವವರನ್ನು ಈ ಹೋಬಳಿಯಲ್ಲಿ ಕಂಡಿಲ್ಲ.

ಕೆಲಸ ಮಾಡುವಾಗ ಅವನಿಗೆ ಎರಡು ಕೈ ಸಾಲದು. ಒಂದರಲ್ಲಿ ಕಾದ ಸಾಲ್ಡರಿಂಗ್ ಐರನ್ನು, ಇನ್ನೊಂದರಲ್ಲಿ ಕೂಡಿಸಬೇಕಾದ ತಾಮ್ರ. ಬೆಸುಗೆ ಹಾಕುವ ತಂತಿಗೆ ಉಳಿದ ಜಾಗ ಬಾಯಿ. ಮೂವತ್ತು ವರ್ಷದಿಂದ ಅದನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕತ್ತು ಬಗ್ಗಿಸಿ ಬೆಸೆಯುತ್ತಿದ್ದ. ಮಾತಾಡಿಸಿದರೆ ಹಾಗೇ ಕಚ್ಚಿಕೊಂಡು ಉತ್ತರ ಕೊಡುತ್ತಿದ್ದ. ಹಾಗಾಗಿ 'ನಾಳೀಕೆ' ಒಂದು ಬಿಟ್ಟು ಬೇರೇನೂ ನಮಗೆ ಅರ್ಥವಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಉಜ್ಜಿ ಹೊಳಪು ಬರಿಸಿ, ಅದೇ ಬೆಸುಗೆ ತಂತಿಯಿಂದ ಕೂಡಿಸಿ, ಹೆಂಡತಿ ಬೆಟ್ಟಮ್ಮನಿಗೆ ಒಂದು ಜೊತೆ ಜುಮುಕಿ ಮಾಡಿಕೊಟ್ಟ. ಮದುವೆಯಾದಾಗಿನಿಂದ ಅವಳು ಕೇಳದೆ ಅವನಾಗಿ ಕೊಟ್ಟ ಮೊದಲ ಒಡವೆ ಅದು. ಬೆಟ್ಟಮ್ಮ ಅದನ್ನು ಹಾಕಿಕೊಂಡು ಡೈರಿಗೆ ಹಾಲು ತಂದದ್ದೇ ತಡ, ಊರಿನ ಹೆಂಗಸರೆಲ್ಲ ಅಂಗಡಿ ಮುಂದೆ ನಿಂತರು. ನನ್ನ ಹೆಂಡತಿಗೂ ಒಂದು ಜೊತೆ ಬಂತು, ಅದೂ ನನ್ನದೇ ಮೋಟಾರಿನ ತಾಮ್ರ. ಗದ್ದೆಗೆ ನೀರು ಬಿಡದೆ ನನ್ನನ್ನು ಸತಾಯಿಸಿದ್ದು ಈಗ ಅವಳ ಕಿವಿಯಲ್ಲಿ ಕುಣಿಯುವುದನ್ನು ನೋಡಿ ಮೈ ಉರಿಯುತ್ತಿತ್ತು.

ಮೈಗೆ ಏನಾದರೂ ಆದೀತೇ ಎಂದು ಯಾರಾದರೂ ಕೇಳಿದರೆ ಸಿದ್ದರಾಜು ಬಾಯಿಂದ ತಂತಿ ತೆಗೆದು ತೋರಿಸುತ್ತಿದ್ದ. "ಮೂವತ್ತು ವರ್ಸದಿಂದ ಬಾಯಲ್ಲೇ ಮಡೀಕಂಡಿವ್ನಿ. ನಂಗೇ ಏನೂ ಆಗಿಲ್ಲ, ನಿಮ್ ಕಿವಿಗೇನಾದದು?" ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆಂದು ನಮಗ್ಯಾರಿಗೂ ಅನ್ನಿಸಲಿಲ್ಲ. ಎಂಥ ಪೆದ್ದರು ನಾವು.

ಹೋದ ಶ್ರಾವಣದಲ್ಲಿ ಸಿದ್ದರಾಜುವಿನ ಮಗಳು ರಂಜಿತ ಎಂಟು ತಿಂಗಳ ಕೂಸಿನೊಂದಿಗೆ ನಾಗಮಂಗಲದಿಂದ ಬಂದಳು. ಅಲ್ಲಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ ಅವಳದು. ಕೂಸಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಅದು ಅಜ್ಜಿಯ ಜುಮುಕಿ ಹಿಡಿದು ಚೀಪುವುದನ್ನು ಕಂಡ ರಂಜಿತ, ಅಪ್ಪನ ತಂತಿಯ ರೀಲು ತಿರುಗಿಸಿ ಲೇಬಲ್ಲು ಓದಿದಳು. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ.

"ಅಪ್ಪ, ದೊಡ್ಡೋರು ಮೈಮೇಲೆ ಹಾಕ್ಕಂಡ್ರೆ ಚರ್ಮದಿಂದ ಒಳೀಕೆ ಓಗೋದು ಕಮ್ಮಿ. ಬಾಯಿಗೆ ಬಿದ್ರೆ ಸೀಸ ಬುಡಾಕಿಲ್ಲ. ಮಕ್ಕಳ ಮೆದುಳ್ಗೇ ಪೆಟ್ಟು."

"ನಂಗೇನೂ ಆಗಿಲ್ವಲ್ಲವ್ವ?"

"ರಕ್ತ ಪರೀಕ್ಸೆ ಮಾಡ್ಸಿದ್ದೀಯಾ?"

ಮಾಡಿಸಿರಲಿಲ್ಲ. ಆ ಜುಮುಕಿ, ಆ ತಂತಿ ಎರಡೂ ಮನೆಯಿಂದ ಹೋಗುವವರೆಗೆ ಕೂಸನ್ನು ಕರೆತರುವುದಿಲ್ಲವೆಂದು ರಂಜಿತ ಸಂಜೆ ಬಸ್ಸಿಗೆ ಹೊರಟೇಬಿಟ್ಟಳು. ಕೂಸಿಗೆ ಮುತ್ತು ಕೊಡಲು ಬಗ್ಗಿದ ಸಿದ್ದರಾಜುವಿಗೆ ಮೊದಲು ಬಾಯಿ ತೊಳೆದುಕೊಂಡು ಬಾ ಎಂದಳು. ಅವನು ತೊಳೆದುಕೊಂಡು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಅವನ ಮುಖ ನೋಡಿ ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಮುಂದಿನ ಸಂತೆಯಲ್ಲಿ ಸಿದ್ದರಾಜು ಪ್ಲಾಸ್ಟಿಕ್ ಬಕೆಟ್ಟು ಹಿಡಿದು ನಿಂತ. "ಜುಮ್ಕಿ ವಾಪಸ್ ಕೊಡವ್ವ, ಸೀಸ ಇಲ್ದಿರೋ ಬೆಸುಗೆ ಹಾಕ್ಕೊಡ್ತೀನಿ." ಕೊಟ್ಟದ್ದನ್ನು ವಾಪಸು ಕೇಳುವ ಗಂಡಸನ್ನು ನಮ್ಮ ಹೆಂಗಸರು ಸುಮ್ಮನೆ ಬಿಡುವವರಲ್ಲ. ಸೊಪ್ಪು ಮಾರುವ ಚಿಕ್ಕಬೋರಮ್ಮ ಕಿವಿ ಮೇಲೆ ಸೆರಗೆಳೆದುಕೊಂಡು, "ನಾನ್ಯಾವತ್ತು ಈಸ್ಕಂಡಿದ್ದೆ?" ಎಂದಳು. ಆದರೂ ಮಕ್ಕಳ ಮೆದುಳಿನ ಮಾತು ಹಬ್ಬುತ್ತಿದ್ದಂತೆ ಒಂದೊಂದಾಗಿ ಎಲ್ಲ ಬಕೆಟ್ಟಿಗೆ ಬಿದ್ದವು. ನನ್ನ ಹೆಂಡತಿಯದನ್ನು ನಾನೇ ಹಾಕಿದೆ, ಬಹಳ ಸಂತೋಷದಿಂದ.

ಕೊಡದೆ ಉಳಿದವಳು ಬೆಟ್ಟಮ್ಮ ಒಬ್ಬಳೇ. "ನನ್ ಕಿವೀನ ಯಾರ್ ಚೀಪ್ತಾರೆ? ಕೂಸು ಬಂದಾಗ ಸೆರಗು ಮುಚ್ಕತೀನಿ. ಮೊದ್ಲು ನಿನ್ ಬಾಯಲ್ಲಿರೋ ತಂತಿ ತೆಗಿ, ಆಮೇಕೆ ನನ್ ಕಿವಿ ಮಾತು."

ಸಿದ್ದರಾಜು ಕೆ.ಆರ್. ಪೇಟೆಯ ಪೀರ್ ಅಹಮದ್ ಅಂಗಡಿಯಿಂದ ಸೀಸವಿಲ್ಲದ ತಂತಿ ತಂದ. ತವರ, ಜೊತೆಗೆ ಚೂರು ಬೆಳ್ಳಿ, ಚೂರು ತಾಮ್ರ. ಅದು ಕರಗಲು ಹೆಚ್ಚು ಕಾವು ಬೇಕು. ಹಳೆಯ ಬೆಸುಗೆಯ ತುದಿಗಳನ್ನೆಲ್ಲ ಕತ್ತರಿಸಿ ಎಸೆದು ಜುಮುಕಿಗಳನ್ನು ಸರಿಮಾಡಿದ. ಬಾಯಿ ಮಾತ್ರ ಸರಿಹೋಗಲಿಲ್ಲ. ಹೊಸ ತಂತಿಯೂ ತಾನಾಗಿ ಹಲ್ಲಿಗೇ ಹೋಗುತ್ತಿತ್ತು. ಅಷ್ಟರಲ್ಲಿ, ಮಗಳ ಮಾತಿಗೆ ಅವನು ಮಾಡಿಸಿದ್ದ ರಕ್ತ ಪರೀಕ್ಷೆಯ ವರದಿ ಬಂತು. ಸೀಸ ಇರಬಾರದಷ್ಟು ಇತ್ತು. ಮೂವತ್ತು ವರ್ಷದ ಸರ್ಟಿಫಿಕೇಟು ಅಲ್ಲಿಗೆ ರದ್ದಾಯಿತು.

ಅವತ್ತೇ ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ಮೇಜಿಗೆ ಬಡಿದು, ತುದಿಗೆ ಬಟ್ಟೆ ಕ್ಲಿಪ್ಪು ಕಟ್ಟಿ, ತಂತಿಯನ್ನು ಅದಕ್ಕೆ ಸಿಕ್ಕಿಸಿದ. ಬಾಯಿ ಖಾಲಿಯಾದ ಮೇಲೆ ಅವನು ಹೇಳುವುದೆಲ್ಲ ನಮಗೆ ಅರ್ಥವಾಗತೊಡಗಿತು. ಎಲ್ಲವೂ ಬರೀ ನೆಪಗಳು.

ಬೆಟ್ಟಮ್ಮ ಒಂದು ವಾರ ಕಾದು ನೋಡಿದಳು. ಆಮೇಲೆ ಜುಮುಕಿ ಬಿಚ್ಚಿ ಗಂಡನ ಅಂಗೈಗಿಟ್ಟಳು. "ಇದನ್ನೇ ಸರಿ ಮಾಡ್ಕೊಡು. ಬ್ಯಾರೇದು ನಂಗ್ ಬ್ಯಾಡ."

ಆ ಭಾನುವಾರ ರಂಜಿತ ಬಂದಳು. ಬಾಯಿ ತೊಳೆದು ಕಾಯುತ್ತಿದ್ದ ಸಿದ್ದರಾಜು ಕೂಸನ್ನು ಎತ್ತಿಕೊಂಡು ಕೆನ್ನೆಗೆ ಮುತ್ತು ಕೊಟ್ಟ. ಅದು ಅವನ ತೋಳಿಂದಲೇ ಅಜ್ಜಿಯ ಕಡೆ ಬಾಗಿ, ಜುಮುಕಿಗಾಗಿ ತಡಕಿ, ಸಿಗದೆ, ಹೊಸದಾಗಿ ಮೂಡಿದ್ದ ಎರಡು ಹಲ್ಲಿನಿಂದ ಬರಿಗಿವಿಯನ್ನೇ ಕಚ್ಚಿ ಚೀಪತೊಡಗಿತು.

"ಯಾರ್ ಚೀಪ್ತಾರೆ ಅಂದ್ಯಲ್ಲಮ್ಮಿ," ಎಂದ ಸಿದ್ದರಾಜು.

ಬೆಟ್ಟಮ್ಮ ನೋವಿಗೆ ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ಕಿವಿ ಬಿಡಿಸಿಕೊಳ್ಳಲಿಲ್ಲ.