ಪುಟ್ಟಿ ಕೆರೆದು ಕಬ್ಬಿಣ ಹುಡುಕುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಬಿಳಿ ಕಾರೊಂದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಮೈಯೆತ್ತಿ ನಿಂತಿದೆ. ಅದರ ಹೊಟ್ಟೆಯ ಕೆಳಗಿನಿಂದ ದಪ್ಪ ಬೂಟು ತೊಟ್ಟ ಎರಡು ಕಾಲುಗಳು ಹೊರಗೆ ಚಾಚಿವೆ. ಒಳಗಿನಿಂದ ಸುತ್ತಿಗೆಯ ಹಿಡಿಯಲ್ಲಿ ತಟ್ಟುವ ಸದ್ದು. ಟಣ್, ಟಣ್, ಟಣ್. ಆಮೇಲೆ ಒಂದು ‘ದಬ್’. ಅಲ್ಲಿಗೆ ತಟ್ಟುವುದು ನಿಲ್ಲುತ್ತದೆ.

“ಬನ್ನಿ ಇಲ್ಲಿ. ಬಗ್ಗಿ ನೋಡಿ.”

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಕಾರಿನ ಯಜಮಾನರು ಮೊಣಕಾಲೂರಿ ಬಗ್ಗುತ್ತಾರೆ. ಬೂಟಿನ ಒಡತಿ ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ತಳಕ್ಕೆ ಒತ್ತುತ್ತಾರೆ. ಗಟ್ಟಿ ಕಬ್ಬಿಣದಲ್ಲಿ ತುದಿಯೂ ಇಳಿಯಬಾರದು. ಇದು ಹಿಡಿಯವರೆಗೆ ಇಳಿಯುತ್ತದೆ.

“ಬಣ್ಣದಡಿ ತೂತು ಮುಚ್ಚೋ ಪುಟ್ಟೀನ ಗೋಡೆಗೆ ಗಿಲಾವು ಮಾಡಿದ ಹಾಗೆ ಮೆತ್ತಿದಾರೆ. ಒಳಗೆ ತುಕ್ಕು ಬಿಟ್ರೆ ಏನೂ ಇಲ್ಲ. ಇದರಲ್ಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತಿದ್ರಾ?”

“ಹೊಸದರ ಹಾಗೆ ಮಾಡಿ ಕೊಟ್ಟಿದೀವಿ ಅಂದಿದ್ರು ಮೇಡಂ…”

“ಯಾರು ಅಂದಿದ್ದು?”

ಯಜಮಾನರು ಒಂದು ಗ್ಯಾರೇಜಿನ ಹೆಸರು ಹೇಳುತ್ತಾರೆ. ಕಾರಿನ ಕೆಳಗಿನಿಂದ ಜಾರಿಕೊಂಡು ಹೊರಬಂದ ಹೆಂಗಸು ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕುತ್ತಾರೆ. “ಮತ್ತೆ ಅವನೇನಾ!” ಎಂಬ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಳ್ಳುತ್ತದೆ.

ಇವರನ್ನು ಬೀದಿಯವರೆಲ್ಲ ‘ವೆಲ್ಡಿಂಗ್ ಅಕ್ಕ’ ಎನ್ನುತ್ತಾರೆ. ವಯಸ್ಸು ಐವತ್ತರ ಆಸುಪಾಸು. ಹಗಲು ಸಿಟಿ ಬಸ್ ಡಿಪೊದಲ್ಲಿ ಬಸ್ಸುಗಳ ನೆಲಕ್ಕೆ ಬೆಸುಗೆ ಹಾಕುವ ಕೆಲಸ. ಡಿಪೊಗೆ ಹೊರಡುವ ಮುಂಚಿನ ಹೊತ್ತಿನಲ್ಲಿ, ಪರಿಚಯವೇ ಇಲ್ಲದವರ ಹಳೆಯ ಕಾರುಗಳ ಕೆಳಗೆ ನುಸುಳಿ ತಟ್ಟಿ ನೋಡುವ ಕೆಲಸ. ಎರಡನೆಯದನ್ನು ಅವರಿಗೆ ಯಾರೂ ಹಚ್ಚಿದ್ದಲ್ಲ. ಹಚ್ಚಿದ್ದು ಅವರ ಸಿಟ್ಟು. ಆ ಸಿಟ್ಟಿನ ಮೂಲ ಶೆಡ್ಡಿನ ಒಳಗೆ, ಹೊದಿಕೆಯ ಕೆಳಗೆ ನಿಂತಿದೆ. ಎರಡೇ ಬಾಗಿಲಿನ, ಮೂತಿ ಚೂಪಾದ, ನೆಲಕ್ಕೆ ಅವಚಿಕೊಂಡಂತಿರುವ ಹಳೇ ಕಾಲದ ಕೆಂಪು ಟರ್ಬೊ ಕಾರು.

ಡಿಪೊದ ಕೆಲಸ ಅಪ್ಪನಿಂದ ಬಂದದ್ದು. ಅಪ್ಪನೂ ಅಲ್ಲೇ ವೆಲ್ಡರ್. ಅವರು ತೀರಿಕೊಂಡಾಗ ಮನೆಯಲ್ಲಿ ದುಡಿಯುವ ವಯಸ್ಸಿನವರು ಈಕೆಯೊಬ್ಬರೇ. ಸೇರಿಸಿಕೊಂಡರು, ಆದರೆ ಕೈಗೆ ಕೊಟ್ಟದ್ದು ಪೊರಕೆ. ಕಬ್ಬಿಣದ ಪುಡಿ ಗುಡಿಸುತ್ತ, ಹಿರಿಯರಿಗೆ ವೆಲ್ಡಿಂಗ್ ಕಡ್ಡಿ ಎತ್ತಿ ಕೊಡುತ್ತ ವರ್ಷಗಳು ಹೋದವು. “ಹೆಂಗಸು ಹಾಕಿದ ಬೆಸುಗೆ ಮೇಲೆ ಬಸ್ಸು ಓಡುತ್ತಾ ಅಂತ ಆಗಿನ ಮೇಸ್ತ್ರಿ ನಗೋರು. ಒಂದಿನ ಅರ್ಧಕ್ಕರ್ಧ ಜನ ರಜ ಹಾಕಿದ್ರು, ಬಸ್ಸು ಹೊರಡ್ಲೇಬೇಕಿತ್ತು. ಆವತ್ತು ನಾನು ಬೇಕಾದೆ” ಎನ್ನುತ್ತಾರೆ ಅಕ್ಕ. ಆವತ್ತಿನಿಂದ ಪೊರಕೆ ಮುಟ್ಟಿಲ್ಲ. “ಬಸ್ಸಿನ ನೆಲ ಅಂದ್ರೆ ಜನ ಕಾಲಿಡೋ ಜಾಗ. ಅಲ್ಲಿ ಮೋಸ ಮಾಡಿದ್ರೆ ಅನ್ನ ಇಳಿಯುತ್ತಾ?”

ಕಾರಿನ ಹುಚ್ಚು ಅವರದಲ್ಲ, ಒಡಹುಟ್ಟಿದ ತಮ್ಮನದು. ಶಾಲೆಗೆ ಹೋಗುವ ಕಾಲದಿಂದಲೂ ಅವನ ಹಾಸಿಗೆಯ ಮೇಲಿನ ಗೋಡೆಗೆ ಇದೇ ಕಾರಿನ ಚಿತ್ರ. ಟರ್ಬೊ ಅಂದರೆ ಏನು ಎಂದು ಅಕ್ಕ ಕೇಳಿದ್ದೇ ತಪ್ಪಾಯಿತು, ಊಟದ ತಟ್ಟೆ ಆರುವವರೆಗೆ ವಿವರಿಸಿದ್ದ: ಎಂಜಿನ್ ಹೊರಗೆ ಉಗುಳುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದು ಇನ್ನೊಂದನ್ನು ತಿರುಗಿಸಿ ಎಂಜಿನ್‌ಗೆ ಒತ್ತಿ ಒತ್ತಿ ಗಾಳಿ ತುಂಬುತ್ತದೆ, ಆಗ ಕಾರು ಹಿಂದಿನಿಂದ ಯಾರೋ ದಬ್ಬಿದ ಹಾಗೆ ನುಗ್ಗುತ್ತದೆ. ದೊಡ್ಡವನಾಗಿ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತ ಕೂಡಿಟ್ಟದ್ದನ್ನೆಲ್ಲ ಸುರಿದು, ಹಳೆಯ ಕಾರುಗಳನ್ನು ಹೊಸದು ಮಾಡುವುದರಲ್ಲಿ ಹೆಸರು ಮಾಡಿದ್ದ ಗ್ಯಾರೇಜಿನಿಂದ ಅದನ್ನು ತಂದ. ಕನ್ನಡಿಯಂತೆ ಹೊಳೆಯುವ ಬಣ್ಣ. ಅದರಲ್ಲಿ ಮುಖ ನೋಡಿಕೊಂಡು ಅಮ್ಮ ಕೂದಲು ಸರಿಮಾಡಿಕೊಂಡಿದ್ದರಂತೆ.

ಒಂದು ಭಾನುವಾರ ಬೆಳಿಗ್ಗೆ, ಊರಾಚೆಯ ಸೇತುವೆಯ ತಿರುವಿನಲ್ಲಿ, ಮುಂದಿನ ಚಕ್ರ ಒಳಕ್ಕೆ ಮಡಚಿಕೊಂಡಿತು. ಕಾರು ಸೇತುವೆಯ ಗೋಡೆಗೆ ಅಪ್ಪಳಿಸಿತು. ಪ್ರಾಣ ಉಳಿಯಿತು, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು.

ಗ್ಯಾರೇಜಿನ ಮಾಲೀಕ ಆಸ್ಪತ್ರೆಗೆ ಬಂದ. ಹಣ್ಣಿನ ಚೀಲ ಕೊಟ್ಟ. ವರಾಂಡದಲ್ಲಿ ನಿಂತು ಅಕ್ಕನಿಗೆ ಹೇಳಿದ: “ಟರ್ಬೊ ಗಾಡಿ ಅಮ್ಮ, ಅದನ್ನ ಹಿಡಿಯೋಕೆ ಗುಂಡಿಗೆ ಬೇಕು. ಬ್ರೆಡ್ ವ್ಯಾನ್ ಓಡಿಸೋ ಕೈಗೆ ಸಿಗಲ್ಲ ಅದು.” ಪೊಲೀಸರೂ ‘ಚಾಲಕನ ಅತಿವೇಗ’ ಎಂದೇ ಬರೆದುಕೊಂಡರು. ಬೀದಿಯೂ ಅದನ್ನೇ ಆಡಿಕೊಂಡಿತು.

“ಅದನ್ನೆಲ್ಲ ನುಂಗ್ಕೊಂಡಿದ್ದೆ” ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. “ಆದ್ರೆ ಒಂದಿನ ನನ್ ತಮ್ಮ ಹಾಸಿಗೇಲಿ ಮಲಗಿದ್ದೋನು, ‘ನಾನೇ ಜೋರಾಗಿ ಹೋದ್ನೇನೋ ಅಕ್ಕ, ನೆನಪೇ ಆಗ್ತಿಲ್ಲ’ ಅಂದ. ಕಾಲು ಹೋಗಿದ್ದಕ್ಕಿಂತ ಹೆಚ್ಚು ಅದು ನನ್ನ ಸುಟ್ಟಿತು. ಎಲ್ಲರೂ ಸೇರಿ ಅವನ ಕೈಲೇ ಅವನ ಮೇಲೆ ತಪ್ಪು ಹೊರಿಸಿದ್ರು.”

ಕಾರಿನಲ್ಲಿ ಉಳಿದಿದ್ದ ಅವನ ಕನ್ನಡಕ, ಜಾಕೆಟ್ಟು ತರಲು ಠಾಣೆಯ ಹಿಂದಿನ ಬಯಲಿಗೆ ಹೋದ ಅಕ್ಕ ಮುರಿದ ಚಕ್ರದ ಹತ್ತಿರ ಕುಳಿತರು. ಚಕ್ರವನ್ನು ಹಿಡಿದಿರಬೇಕಾದ ತೋಳು ಮುರಿದಿರಲಿಲ್ಲ, ಬಾಗಿಯೂ ಇರಲಿಲ್ಲ. ಅದನ್ನು ಕಚ್ಚಿಕೊಂಡಿರಬೇಕಾದ ಕಾರಿನ ತಳವೇ ಹರಿದು ಬಂದಿತ್ತು, ನೆನೆದ ರಟ್ಟಿನ ಹಾಗೆ. ಮನೆಯ ಬೀಗದ ಕೈಯಲ್ಲಿ ಕೆರೆದರು. ಬಣ್ಣ ಎದ್ದಿತು, ಅದರಡಿಯ ಪುಟ್ಟಿ ಹಪ್ಪಳದಂತೆ ಕಳಚಿತು, ಒಳಗಿದ್ದದ್ದು ಎಣ್ಣೆ ಡಬ್ಬದ ತಗಡು. ಅದರ ಮೇಲೆ ಇನ್ನೂ ಡಬ್ಬದ ಅಕ್ಷರಗಳಿದ್ದವು.

ನೇರ ಗ್ಯಾರೇಜಿಗೆ ಹೋದರು. “ಹಳೇ ಗಾಡಿ ಅಂದ್ಮೇಲೆ ತುಕ್ಕು ಇರಲ್ವೇನಮ್ಮ?” ಎಂದು ಮಾಲೀಕ ನಕ್ಕ. ಠಾಣೆಗೆ ಹೋದರು. “ಕೇಸು ಮುಗಿದಿದೆ. ಆ ಗುಜರಿ ಎತ್ಕೊಂಡು ಹೋಗಿ, ಜಾಗ ಬೇಕು” ಎಂದರು ಪೊಲೀಸರು. ಅಕ್ಕ ಮರುದಿನವೇ ಎತ್ತಿಕೊಂಡು ಹೋದರು, ಮನೆಗೆ. ಈ ಕಥೆ ಹೇಳುವಾಗ ಅಕ್ಕ ಹೊರಗಿನವರಿಗೆಲ್ಲ ಬಹುವಚನ ಹಚ್ಚುತ್ತಾರೆ, ‘ಗುಜರಿ’ ಎಂದ ಪೊಲೀಸರಿಗೂ. ಗ್ಯಾರೇಜಿನವನೊಬ್ಬನಿಗೆ ಮಾತ್ರ ಇಲ್ಲ. “ಅವನಿಗೆ ‘ಅವರು’ ಅನ್ನೋಕೆ ನನ್ ಬಾಯಿ ಹೊರಳಲ್ಲ.”

ಆಸ್ಪತ್ರೆಯಿಂದ ಬಂದ ತಮ್ಮ ಕಿಟಕಿಯಿಂದ ಅದನ್ನು ಕಂಡು ಕೆರಳಿ ಕೆಂಡವಾದ. “ನನ್ ಕಾಲು ತಿಂದ ಗಾಡೀನ ಅಂಗಳದಲ್ಲಿ ಸಾಕ್ತೀಯಾ? ಸುಟ್ಟು ಹಾಕು!” ಅಕ್ಕನೂ ಬಿಡಲಿಲ್ಲ. “ಕಾಲು ತಿಂದಿದ್ದು ಗಾಡಿಯಲ್ಲ ಕಣೋ, ಪುಟ್ಟಿ! ಸುಟ್ರೆ ಅವನು ಗೆದ್ದ ಹಾಗೆ.” ವಾರಗಟ್ಟಲೆ ಅಕ್ಕ-ತಮ್ಮ ಅಮ್ಮನ ಮೂಲಕವೇ ಮಾತಾಡಿದರು. “ಉಪ್ಪು ಕೊಡೋಕೆ ಹೇಳು ಅಂತ ಇವಳು, ಅಲ್ಲೇ ಇದೆ ಅಂತ ಹೇಳು ಅಂತ ಅವನು. ನಾನೇನು ಟೆಲಿಫೋನಾ?” ಎಂದು ಅಮ್ಮ ಈಗ ನಗುತ್ತಾರೆ.

ಡಿಪೊದಿಂದ ಬಂದವರೇ ಅಕ್ಕ ವೆಲ್ಡಿಂಗ್ ಮುಖವಾಡ ಹಾಕಿಕೊಂಡು ಶೆಡ್ಡು ಸೇರುತ್ತಿದ್ದರು. ಎಂಜಿನ್ ಇಳಿಸಿ ಕಾರನ್ನು ಮಗ್ಗುಲಾಗಿ ಮಲಗಿಸಿ, ಕೊಳೆತದ್ದನ್ನೆಲ್ಲ ಕತ್ತರಿಸಿ ಎಸೆದರು. ಕತ್ತರಿಸಿದಷ್ಟೂ ಕೊಳೆತದ್ದೇ ಸಿಕ್ಕಿತು. ಒಂದು ಹಂತದಲ್ಲಿ ಕಾರಿಗಿಂತ ತೂತೇ ದೊಡ್ಡದಾಗಿತ್ತು. ಹೊಸ ಹಾಳೆ ತಂದು, ರಟ್ಟಿನಲ್ಲಿ ಅಳತೆ ತೆಗೆದು, ಸುತ್ತಿಗೆಯಲ್ಲಿ ಬಾಗಿಸಿ, ತಳವನ್ನು ಇಂಚಿಂಚಾಗಿ ಕಟ್ಟಿದರು. “ಒಂದೊಂದು ಬೆಸುಗೆ ಹಾಕುವಾಗ್ಲೂ ಆ ಗ್ಯಾರೇಜಿನವನನ್ನ ಬೈಕೊಂಡೇ ಹಾಕ್ತಿದ್ದೆ. ಅದಕ್ಕೇ ಇಷ್ಟು ಗಟ್ಟಿ ಕೂತಿದೆ.”

ತಳದ ಮಟ್ಟಿಗೆ ಸರಿ, ಎಂಜಿನ್ ಅವರಿಗೆ ಗೊತ್ತಿಲ್ಲದ ಲೋಕ. ಒಂದು ಸಂಜೆ ಟರ್ಬೊ ಬಿಚ್ಚಿ, ಕರಿ ಹಿಡಿದ ಅದರ ಚಕ್ರವನ್ನು ಪಾತ್ರೆ ಉಜ್ಜುವ ಹಾಗೆ ತಂತಿ ಬ್ರಷ್ಷಿನಲ್ಲಿ ಉಜ್ಜಲು ಹೊರಟಿದ್ದರು. ಕಿಟಕಿಯಿಂದ ಅರಚುವ ದನಿ ಬಂತು: “ಅಯ್ಯೋ ಅಕ್ಕ! ಅದರ ರೆಕ್ಕೆಗೆ ಬ್ರಷ್ ಹಾಕ್ಬೇಡ! ಒಂದು ಗೀರು ಬಿದ್ರೂ ತೂಕ ತಪ್ಪುತ್ತೆ!” ಅಕ್ಕ ತಿರುಗಿ ನೋಡಿದರೆ, ಅಷ್ಟು ದಿನ ಕೋಣೆ ಬಿಡದವನು ಊರುಗೋಲಿನಲ್ಲಿ ಮೆಟ್ಟಿಲಿಳಿದು ಬರುತ್ತಿದ್ದ. “ಕೊಡಿಲ್ಲಿ” ಎಂದು ಕೈಯಿಂದ ಕಿತ್ತುಕೊಂಡ. ಅಮ್ಮನ ಟೆಲಿಫೋನು ಕೆಲಸ ಆವತ್ತಿಗೆ ಮುಗಿಯಿತು.

ಆಮೇಲೆ ಟರ್ಬೊ ಅಡುಗೆಮನೆಯ ಮೇಜಿನ ಮೇಲೆ, ಹಳೇ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಮಲಗಿತು. ತಮ್ಮ ಅದರ ಬೇರಿಂಗು ಬದಲಾಯಿಸಿದ, ಸುಟ್ಟ ಎಣ್ಣೆ ಕಟ್ಟಿಕೊಂಡಿದ್ದ ಕೊಳವೆ ಕಿತ್ತು ಉಕ್ಕಿನ ಹೆಣಿಗೆಯ ಹೊಸದು ಹಾಕಿದ, ಎಂಜಿನ್‌ಗೆ ಹೋಗುವ ಗಾಳಿಯನ್ನು ತಂಪುಮಾಡಲು ದೊಡ್ಡ ಕೂಲರ್ ಜೋಡಿಸಿದ. ಬ್ರೇಕು ನಾಲ್ಕೂ ಕಡೆ ಮೊದಲಿದ್ದದ್ದಕ್ಕಿಂತ ದೊಡ್ಡವು. ವೇಗ ಹೆಚ್ಚಿಸುವ ಮಾತು ಬಂದಾಗ ಅಕ್ಕ ಕಣ್ಣು ಬಿಟ್ಟರು. “ಮೊದಲು ನಿಲ್ಲೋಕೆ ಕಲೀಲಿ, ಆಮೇಲೆ ಓಡ್ಲಿ!”

ಎಡಗಾಲಿಲ್ಲದವನಿಗೆ ಕ್ಲಚ್ ಒತ್ತುವುದು ಹೇಗೆ? ಅದಕ್ಕೆ ಅಕ್ಕ ಗೇರ್ ಕಡ್ಡಿಯ ಬೆನ್ನಿಗೆ ಒಂದು ಹಿಡಿ ಮಾಡಿದರು. ಬೆರಳಲ್ಲಿ ಅದುಮಿದರೆ ಸರಳೊಂದು ಕ್ಲಚ್ಚನ್ನು ಎಳೆಯಬೇಕು. ಮೊದಲನೆಯದು ಬಾಗಿತು. ಎರಡನೆಯದು ಎಷ್ಟು ಬಿಗಿಯಾಗಿತ್ತೆಂದರೆ ಅದುಮಲು ಇಬ್ಬರು ಬೇಕಾಯಿತು. “ಇದಕ್ಕೆ ಕಂಡಕ್ಟರ್ ಬೇರೆ ಇಡ್ಬೇಕೇನಕ್ಕ?” ಎಂದು ತಮ್ಮ ಛೇಡಿಸಿದ. ಸರಳಿನ ಉದ್ದ ಬದಲಿಸಿ ಮಾಡಿದ ಮೂರನೆಯದು ಕೂತಿತು. ಇಂಥ ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿ ತಾವೇ ಓಡಿಸಿ ನೋಡಿ ಒಪ್ಪಿಗೆ ಕೊಟ್ಟರು. ಬಣ್ಣ ಕೊನೆಗೆ ಬಂತು, ಅದೂ ಮೇಲ್ಮೈಗೆ ಮಾತ್ರ. ತಳಕ್ಕೆ ತುಕ್ಕು ತಡೆಯುವ ಪಾರದರ್ಶಕ ಲೇಪ ಬಳಿದರು. ಬಗ್ಗಿ ನೋಡಿದವರಿಗೆ ಒಂದೊಂದು ಬೆಸುಗೆಯೂ ಕಾಣಬೇಕು ಎಂಬುದು ಅಕ್ಕನ ಹಟ.

ಕಳೆದ ವರ್ಷ ಹಳೆಯ ಕಾರುಗಳ ಪ್ರದರ್ಶನಕ್ಕೆ ಅದನ್ನು ಒಯ್ದರು. ಬಹುಮಾನ ಕೊಡುವ ಮೂವರಲ್ಲಿ ಅದೇ ಮಾಲೀಕನೂ ಒಬ್ಬ. ಕಾರಿನ ಗುರುತು ಸಿಗಲಿಲ್ಲ ಅವನಿಗೆ. ಸುತ್ತು ಹಾಕಿ, ಬಗ್ಗಿ ತಳ ನೋಡಿ, “ಅದ್ಭುತ! ಯಾರ ಕೈಕೆಲಸ ಇದು?” ಎಂದ. ಬಾಗಿಲು ತೆರೆಯಿತು. ಮೊದಲು ಊರುಗೋಲು ಹೊರಬಂತು, ಆಮೇಲೆ ತಮ್ಮ. ಮಾಲೀಕನ ಮುಖದ ನಗು ಇಂಗಿತು. “ಓ, ನೀವಾ… ಚೆನ್ನಾಗಾಯ್ತು ಬಿಡಿ. ಹಳೇದೆಲ್ಲ ಈಗ್ಯಾಕೆ.”

“ಹಳೇದಾ?” ಅಕ್ಕನ ದನಿಗೆ ಇಡೀ ಮೈದಾನ ತಿರುಗಿತು. “ಇವನ ಕಾಲು ಮತ್ತೆ ಹುಟ್ತಾ ಹಳೇದು ಅನ್ನೋಕೆ? ಎಣ್ಣೆ ಡಬ್ಬ ಕತ್ತರಿಸಿ ಮೆತ್ತಿ, ಅದರ ಮೇಲೆ ಪುಟ್ಟಿ ಬಳಿದು, ಸತ್ರೆ ಸಾಯ್ಲಿ ಅಂತ ಮಾರಿದೆಯಲ್ಲ! ಗುಂಡಿಗೆ ಬೇಕು ಅಂದೆಯಲ್ಲ ಆವತ್ತು. ಇವತ್ತು ಇಷ್ಟು ಜನರ ಮುಂದೆ ಹೇಳು, ತಪ್ಪು ಯಾರದ್ದು? ಹೇಳೋ!”

ಅವನು ಸಂಘಟಕರತ್ತ ಕೈಬೀಸಿದ. ಸಂಘಟಕರು ಓಡಿಬಂದು, ಗಲಾಟೆ ಬೇಡಮ್ಮ ಎಂದು ಅಕ್ಕನನ್ನೇ ಗೇಟಿನಾಚೆ ಕಳಿಸಿದರು. ಬಹುಮಾನ ಇನ್ಯಾವುದೋ ಕಾರಿಗೆ ಹೋಯಿತು. ಗ್ಯಾರೇಜು ಇಂದಿಗೂ ನಡೆಯುತ್ತಿದೆ. ಠಾಣೆಯ ಕಡತದಲ್ಲಿ ‘ಅತಿವೇಗ’ ಇಂದಿಗೂ ಹಾಗೇ ಇದೆ. ತಿದ್ದಬೇಕೆಂದು ಯಾರಿಗೂ ಅನಿಸಿಲ್ಲ.

ಆದರೆ ಆವತ್ತು ಮೈದಾನದಲ್ಲಿದ್ದ ಕೆಲವರಿಗೆ ಮನೆಗೆ ಹೋಗಿ ನಿದ್ದೆ ಬರಲಿಲ್ಲ. ಅದೇ ಗ್ಯಾರೇಜಿನ ಕಾರು ಅವರ ಮನೆಯಲ್ಲೂ ಇತ್ತು. ಒಬ್ಬರು ವಿಳಾಸ ಹುಡುಕಿಕೊಂಡು ಬಂದರು, ಅವರು ಇನ್ನೊಬ್ಬರಿಗೆ ಹೇಳಿದರು. ಬೆಳಿಗ್ಗೆಯ ತಟ್ಟಾಟ ಹೀಗೆ ಶುರುವಾಯಿತು. ಕೆಟ್ಟದ್ದು ಕಂಡ ಕಾರುಗಳ ಯಜಮಾನರಲ್ಲಿ ಕೆಲವರು ಈಗ ಒಟ್ಟಾಗಿ ದೂರು ಕೊಟ್ಟಿದ್ದಾರೆ. ಬಿಳಿ ಕಾರಿನವರೂ ಸೇರಿಕೊಳ್ಳುತ್ತಾರಂತೆ. “ಸೇರ್ಕೊಳ್ಳಿ, ಆದ್ರೆ ಈ ಗಾಡಿ ಇಲ್ಲೇ ಬಿಟ್ಟು ಬಸ್ಸಲ್ಲಿ ಹೋಗಿ” ಎಂದು ಅಕ್ಕ ಅವರ ಕೈಯಿಂದ ಕೀಲಿ ಇಸಿದುಕೊಳ್ಳುತ್ತಾರೆ.

ಅಕ್ಕನ ಆಸೆ ದೊಡ್ಡದೇನಲ್ಲ. ಜೈಲು, ಪರಿಹಾರ ಎಲ್ಲ ಬಲ್ಲವರು ನೋಡಿಕೊಳ್ಳಲಿ. “ತಪ್ಪು ನಿಂದಲ್ಲ ಕಣಪ್ಪ ಅಂತ ಅವನು ನನ್ ತಮ್ಮನ ಮುಖ ನೋಡಿ ಒಂದೇ ಒಂದು ಸಲ ಹೇಳ್ಲಿ. ಹೇಳೋವರೆಗೂ ನನ್ ಸಿಟ್ಟು ಇಳಿಯಲ್ಲ.”

ತಮ್ಮ ಈಗ ಟರ್ಬೊ ರಿಪೇರಿ ಮಾಡುತ್ತಾನೆ, ಮನೆಯಲ್ಲೇ. ಕಾರು ಮುಗಿದ ವಾರ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಸೇತುವೆಯ ದಾರಿಯಲ್ಲಿ ಹೋಗಿದ್ದ. ತಿರುವು ಬಂದಾಗ ಅಕ್ಕ ಏನೆನ್ನುತ್ತಾರೋ ಎಂದು ಅವನಿಗೆ ಒಳಗೊಳಗೇ ಅಳುಕು. ಓರೆಗಣ್ಣಿನಲ್ಲಿ ನೋಡಿದರೆ ಅವರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

“ಭಯ ಆಗ್ಲಿಲ್ವಾ ಅಂತ ಎಲ್ಲರೂ ಕೇಳ್ತಾರೆ” ಎನ್ನುತ್ತಾ ಅಕ್ಕ ಡಿಪೊದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. “ಯಾಕಾಗ್ಬೇಕು? ಕೆಳಗೆ ಇರೋದು ನನ್ ಬೆಸುಗೆ. ಓಡಿಸ್ತಿರೋನು ನನ್ ತಮ್ಮ.”